ಬಯಲು ಬಂದೀಖಾನೆ ಮತ್ತು ಕೈದಿ ಮರಳುವ ಊರು



ಜೈಲಿಗೆ ಹೋದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಂದಲ್ಲ ಒಂದು ದಿನ ಹೊರಗೆ ಬರುತ್ತಾರೆ. ಗಲ್ಲಿಗೇರುವವರು ಬೆರಳೆಣಿಕೆಯಷ್ಟು. ಒಳಗೇ ಕಾಯಿಲೆಬಿದ್ದು ತೀರಿಕೊಂಡವರನ್ನು ಬಿಟ್ಟರೆ, ಜೀವಾವಧಿ ಶಿಕ್ಷೆಯಾದವರಲ್ಲೂ ಬಹಳ ಮಂದಿ ಹದಿನಾಲ್ಕೋ ಹದಿನೆಂಟೋ ಇಪ್ಪತ್ತೋ ವರ್ಷ ಕಳೆದು ಮನೆಗೆ ಮರಳುತ್ತಾರೆ. ಶಿಕ್ಷೆಯ ಬಗ್ಗೆ ನಮ್ಮ ಚರ್ಚೆಯೆಲ್ಲ ಒಳಗೆ ಹೋಗುವ ಬಾಗಿಲಿನ ಬಳಿಯೇ ನಿಂತುಬಿಡುತ್ತದೆ: ಎಷ್ಟು ವರ್ಷ ಕೊಟ್ಟರು, ಜಾಮೀನು ಸಿಕ್ಕಿತೇ, ಮೇಲ್ಮನವಿ ಏನಾಯಿತು. ಹೊರಗೆ ಬರುವ ಬಾಗಿಲಿನ ಬಗ್ಗೆ ಮಾತೇ ಇಲ್ಲ. ಹಾಗೆ ಬಂದವರು ಹೋಗಿ ನೆಲೆಸುವುದು ಎಲ್ಲಿ? ಬಾಡಿಗೆ ಕೈಗೆಟಕುವಂತಿರುವ, ದಿನಗೂಲಿಯೋ ತಿಂಗಳ ಸಂಬಳವೋ ಸಿಗುವ, ಪಕ್ಕದ ಮನೆಯವರು ಬೇರೆ ಜಿಲ್ಲೆಯಿಂದ ಬಂದವರೇ ಆಗಿರುವ ಊರುಗಳಲ್ಲಿ. ಬೆಂಗಳೂರಿನ ಲಗ್ಗೆರೆ ಅಂಥ ಊರು. ಪೀಣ್ಯದ ಕಾರ್ಖಾನೆಗಳಿಗೆ ಕೈಗಳನ್ನು ಕಳಿಸುತ್ತ, ಉತ್ತರ ಕರ್ನಾಟಕದಿಂದಲೂ ಹೊರ ರಾಜ್ಯಗಳಿಂದಲೂ ಬಂದವರಿಗೆ ಒಂದು ಕೋಣೆ, ಒಂದು ಒಲೆಯ ಜಾಗ ಕೊಡುತ್ತ ಬೆಳೆದ ಊರು. ಆದ್ದರಿಂದ ಈ ವಿಷಯವನ್ನು ಇಲ್ಲಿ ನಿಂತು ಮಾತಾಡುವುದೇ ಸರಿ ಎಂದು ನಾನು ನಂಬಿದ್ದೇನೆ.

ನಾನು ಹೇಳಬೇಕೆಂದಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಬಯಲು ಬಂದೀಖಾನೆಯನ್ನು, ಅಂದರೆ ಎತ್ತರದ ಗೋಡೆಯಿಲ್ಲದೆ, ಕೈದಿಯ ಮಾತಿನ ಮೇಲೆ ವಿಶ್ವಾಸವಿಟ್ಟು ನಡೆಸುವ ಜೈಲನ್ನು, ನಾವು ಸನ್ನಡತೆಗೆ ಸಿಗುವ ಬಹುಮಾನವೆಂದು ತಿಳಿದಿದ್ದೇವೆ. ಕೆಲವೇ ಪುಣ್ಯವಂತರಿಗೆ ಸಿಗುವ ಸವಲತ್ತು ಎಂಬಂತೆ ನಡೆಸುತ್ತಿದ್ದೇವೆ. ಈ ತಿಳಿವಳಿಕೆ ಬದಲಾಗಬೇಕು. ದೀರ್ಘ ಶಿಕ್ಷೆಯಾದ ಪ್ರತಿಯೊಬ್ಬರೂ ಶಿಕ್ಷೆಯ ಕೊನೆಯ ಕೆಲವು ವರ್ಷಗಳನ್ನು ಅಲ್ಲಿ ಕಳೆಯುವುದು ವಾಡಿಕೆಯಾಗಬೇಕು. ಕಳಿಸಬಾರದು ಎನ್ನುವುದಾದರೆ ಅಧಿಕಾರಿಗಳು ಕಾರಣ ಬರೆಯಬೇಕು. ಮತ್ತು ಅಂಥ ಜೈಲು ಕೆಲಸ ಇರುವ ಕಡೆ ಇರಬೇಕು, ಊರಾಚೆಯ ಹೊಲದಲ್ಲಿ ಮಾತ್ರವಲ್ಲ.

ಮುಚ್ಚಿದ ಜೈಲು ಒಬ್ಬ ಮನುಷ್ಯನಿಗೆ ಏನು ಮಾಡುತ್ತದೆ ಎಂಬುದರಿಂದ ಹೊರಡೋಣ. 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ 433ಎ ಎಂಬ ಕಲಮು ಸೇರಿತು; ಮರಣದಂಡನೆಗೂ ಅವಕಾಶವಿರುವ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾದವರು ಕನಿಷ್ಠ ಹದಿನಾಲ್ಕು ವರ್ಷ ಜೈಲಿನಲ್ಲಿ ಇರಲೇಬೇಕೆಂದು ಅದು ಹೇಳಿತು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಉಳಿದಿದೆ. ದೇಶದ ಸಜಾ ಕೈದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಜೀವಾವಧಿಯವರು. ಹದಿನಾಲ್ಕು ವರ್ಷ ಎಂದರೆ ಎಷ್ಟು ಎಂಬುದು ಅಂಕಿಯಲ್ಲಿ ತಿಳಿಯುವುದಿಲ್ಲ. 2010ರ ಮೊದಲ ತಿಂಗಳುಗಳಲ್ಲಿ ಪರಪ್ಪನ ಅಗ್ರಹಾರದ ಸೆಂಟ್ರಲ್ ಜೈಲಿನೊಳಗೆ ಹೋದ ಒಬ್ಬ ಕೈದಿಯನ್ನು ಊಹಿಸಿಕೊಳ್ಳಿ. ಆಗ ಆಧಾರ್ ಕಾರ್ಡು ಎಂಬುದು ಯಾರ ಜೇಬಿನಲ್ಲೂ ಇರಲಿಲ್ಲ. ಬೆಂಗಳೂರಿನಲ್ಲಿ ಮೆಟ್ರೊ ರೈಲು ಓಡುತ್ತಿರಲಿಲ್ಲ. ಪೀಣ್ಯಕ್ಕೆ ಅದು ಬಂದದ್ದು 2014ರಲ್ಲಿ. ಐನೂರು, ಸಾವಿರದ ಹಳೆಯ ನೋಟುಗಳು 2016ರಲ್ಲಿ ರದ್ದಾದವು. ಅದೇ ವರ್ಷ ಶುರುವಾದ ಯುಪಿಐ ಇವತ್ತು ಸೊಪ್ಪು ಮಾರುವವರ ಗಾಡಿಯ ಮೇಲೂ ಇದೆ. ಆತ 2024ರಲ್ಲಿ ಬಿಡುಗಡೆಯಾಗಿ ಬಂದರೆ ಬಸ್ ಟಿಕೆಟಿನಿಂದ ಹಿಡಿದು ಸಂಬಳ ಪಡೆಯುವವರೆಗೆ ಎಲ್ಲವೂ ಹೊಸದು. ಆದರೆ ಇದು ಕಲಿಯಬಹುದಾದ ವಿಷಯ, ಆರು ತಿಂಗಳಲ್ಲಿ ಕಲಿಯುತ್ತಾರೆ. ಅದಕ್ಕಿಂತ ಆಳವಾದ ನಷ್ಟ ಬೇರೆ. ಹದಿನಾಲ್ಕು ವರ್ಷ ಆತ ಒಂದು ಬಾಗಿಲನ್ನೂ ತಾನಾಗಿ ತೆರೆದಿಲ್ಲ, ಮುಚ್ಚಿಲ್ಲ. ಏಳುವ ಹೊತ್ತು, ಉಣ್ಣುವ ಹೊತ್ತು, ಮಲಗುವ ಹೊತ್ತು ಎಲ್ಲವನ್ನೂ ಗಂಟೆ ತೀರ್ಮಾನಿಸಿದೆ. ಕೈಯಲ್ಲಿ ದುಡ್ಡು ಹಿಡಿದು ಇದನ್ನು ಕೊಳ್ಳಲೋ ಬೇಡವೋ ಎಂದು ಯೋಚಿಸಿಲ್ಲ. ಮೇಸ್ತ್ರಿಯೊಂದಿಗೆ ಜಗಳವಾದಾಗ ಸಿಟ್ಟು ನುಂಗಿ ಮರುದಿನ ಕೆಲಸಕ್ಕೆ ಹೋಗುವ ಅಭ್ಯಾಸ ಉಳಿದಿಲ್ಲ. ಜೈಲಿನಲ್ಲಿ ಒಳ್ಳೆಯ ಕೈದಿ ಎನಿಸಿಕೊಳ್ಳಲು ಬೇಕಾದದ್ದು ವಿಧೇಯತೆ. ಹೊರಗೆ ಬದುಕಲು ಬೇಕಾದದ್ದು ಸ್ವಂತ ತೀರ್ಮಾನ. ಮೊದಲನೆಯದನ್ನು ಹದಿನಾಲ್ಕು ವರ್ಷ ಕಲಿಸಿ, ಎರಡನೆಯದನ್ನು ಒಂದು ಬೆಳಗ್ಗೆ ಗೇಟಿನ ಹೊರಗೆ ನಿಲ್ಲಿಸಿ ಕೇಳುತ್ತೇವೆ.

ಬಯಲು ಬಂದೀಖಾನೆ ಈ ಎರಡರ ನಡುವಿನ ಮೆಟ್ಟಿಲು. ಅದು ಪಶ್ಚಿಮದಿಂದ ತಂದು ನೆಟ್ಟ ಗಿಡವೆಂದು ಹೇಳುವವರಿದ್ದಾರೆ. ಅದರ ಚರಿತ್ರೆ ಬೇರೆಯೇ ಇದೆ, ಮತ್ತು ಅದರಲ್ಲಿ ಬೆಂಗಳೂರಿನ ಕಾರ್ಖಾನೆಯೊಂದರ ಎಳೆಯೂ ಇದೆ. 1930ರ ದಶಕದಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಮಾರಿಸ್ ಫ್ರೈಡ್‌ಮನ್ ಎಂಬ ಪೋಲೆಂಡಿನ ಎಂಜಿನಿಯರ್ ಮೈಸೂರು ಸರ್ಕಾರದ ವಿದ್ಯುತ್ ಕಾರ್ಖಾನೆಯನ್ನು ನಡೆಸಲು ಬೆಂಗಳೂರಿಗೆ ಬಂದರು. ಮೈಸೂರು ರಸ್ತೆಯ ಆ ಕಾರ್ಖಾನೆಯೇ ಮುಂದೆ ಕವಿಕ ಎಂದು ಹೆಸರಾಯಿತು. ಫ್ರೈಡ್‌ಮನ್ ಗಾಂಧೀಜಿಯ ಪ್ರಭಾವಕ್ಕೆ ಒಳಗಾಗಿ, ಕಾವಿ ತೊಟ್ಟು, ಔಂಧ್ ಎಂಬ ಪುಟ್ಟ ಸಂಸ್ಥಾನಕ್ಕೆ ಹೋದರು. ಆ ಸಂಸ್ಥಾನದ ಬಹುಪಾಲು ಇಂದಿನ ಸಾತಾರಾ, ಸಾಂಗ್ಲಿ ಜಿಲ್ಲೆಗಳಲ್ಲಿದ್ದರೂ ಅದರ ಒಂದು ತುಣುಕು, ಗುಣದಾಳ, ನಮ್ಮ ವಿಜಯಪುರದ ಕನ್ನಡ ನೆಲದಲ್ಲಿತ್ತು. ರಾಜ ಭವಾನರಾವ್ ಪಂತ ಪ್ರತಿನಿಧಿಯವರ ಒಪ್ಪಿಗೆಯಿಂದ ಆಟಪಾಡಿಯ ಹತ್ತಿರ ಸ್ವತಂತ್ರಪುರ ಎಂಬ ವಸಾಹತು ಹುಟ್ಟಿತು. ಗಂಭೀರ ಅಪರಾಧಕ್ಕೆ ಶಿಕ್ಷೆಯಾದವರು ಅಲ್ಲಿ ಬೇಲಿಯಿಲ್ಲದೆ ಹೊಲ ಮಾಡಿಕೊಂಡು ಬದುಕಿದರು. ವಿ. ಶಾಂತಾರಾಮರ 1957ರ ಸಿನಿಮಾ ‘ದೋ ಆಂಖೇ ಬಾರಹ್ ಹಾಥ್’ ಈ ಪ್ರಯೋಗದಿಂದ ಹುಟ್ಟಿದ್ದು. ಸ್ವಾತಂತ್ರ್ಯ ಬಂದ ಮೇಲೆ ಉತ್ತರ ಪ್ರದೇಶದಲ್ಲಿ ಸಂಪೂರ್ಣಾನಂದರ ಆಸಕ್ತಿಯಿಂದ, ವಾರಾಣಸಿಯ ಹತ್ತಿರ ಚಂದ್ರಪ್ರಭಾ ನದಿಗೆ ಅಣೆಕಟ್ಟು ಕಟ್ಟಲು ಕೈದಿಗಳ ಶಿಬಿರ ನಡೆಯಿತು. 1955ರಲ್ಲಿ ಜಿನೀವಾದಲ್ಲಿ ಸೇರಿದ ವಿಶ್ವಸಂಸ್ಥೆಯ ಮೊದಲ ಅಪರಾಧ ತಡೆ ಸಮ್ಮೇಳನ ತೆರೆದ ಜೈಲುಗಳನ್ನು ಶಿಫಾರಸು ಮಾಡುವ ಹೊತ್ತಿಗೆ ನಮ್ಮ ನೆಲದಲ್ಲಿ ಅವು ಆಗಲೇ ನಡೆದುನೋಡಿದ ಸಂಗತಿಗಳಾಗಿದ್ದವು.

ಹಾಗಿದ್ದರೆ ಕರ್ನಾಟಕದಲ್ಲಿ ಏನಿದೆ? ಒಂದು ಇದೆ. ದೇವನಹಳ್ಳಿ ತಾಲ್ಲೂಕಿನ ಕೋರಮಂಗಲ ಎಂಬ ಹಳ್ಳಿಯ ಬಯಲು ಬಂದೀಖಾನೆ. ಬೆಂಗಳೂರಿನ ಕೋರಮಂಗಲ ಬಡಾವಣೆಗೂ ಇದಕ್ಕೂ ಸಂಬಂಧವಿಲ್ಲ. ಅದರ ಸಾಮರ್ಥ್ಯ 80 ಮಂದಿ, ಮುಖ್ಯ ಕೆಲಸ ಬೇಸಾಯ. ಇಡೀ ರಾಜ್ಯದ ಸಜಾ ಕೈದಿಗಳಿಗೆ, ಬೆಳಗಾವಿಯ ಹಿಂಡಲಗಾದಿಂದ ಮೈಸೂರಿನವರೆಗೆ, ಕಲಬುರಗಿಯಿಂದ ಶಿವಮೊಗ್ಗದವರೆಗೆ ಸೆಂಟ್ರಲ್ ಜೈಲುಗಳಲ್ಲಿರುವ ಸಾವಿರಾರು ಜನಕ್ಕೆ, ಎಂಬತ್ತು ಸ್ಥಳ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಅಂಕಿಅಂಶದಂತೆ ದೇಶದಲ್ಲಿ 91 ಬಯಲು ಬಂದೀಖಾನೆಗಳಿದ್ದವು. ಅವುಗಳಲ್ಲಿ ನಲವತ್ತಕ್ಕೂ ಹೆಚ್ಚು ರಾಜಸ್ಥಾನವೊಂದರಲ್ಲೇ. ಅದೇ ವರ್ಷ ದೇಶದ ಜೈಲುಗಳಲ್ಲಿ ನೂರು ಜನರ ಜಾಗದಲ್ಲಿ 131 ಜನ ತುಂಬಿದ್ದರು, ಬಯಲು ಬಂದೀಖಾನೆಗಳಲ್ಲಿ ಮಾತ್ರ ಜಾಗ ಖಾಲಿ ಉಳಿದಿತ್ತು. ಒಂದು ಕಡೆ ಮಲಗಲು ಸರದಿ, ಇನ್ನೊಂದು ಕಡೆ ಖಾಲಿ ಹಾಸಿಗೆ. ಅರ್ಹತೆಯ ಜರಡಿಯನ್ನು ಎಷ್ಟು ಸಣ್ಣದಾಗಿ ಹೆಣೆದಿದ್ದೇವೆಂದರೆ ಅದರಿಂದ ಕೆಳಗಿಳಿಯುವವರೇ ಇಲ್ಲ.

ಇದು ಗೊತ್ತಿಲ್ಲದೆ ಆದದ್ದಲ್ಲ. ಬಯಲು ಬಂದೀಖಾನೆಗಳ ನಿರ್ವಹಣೆಯನ್ನು ಸುಪ್ರೀಂ ಕೋರ್ಟು ಇಡೀ ದೇಶದ ಮುಂದೆ ಒಂದು ಪ್ರಶ್ನೆಯಾಗಿ ಇಟ್ಟದ್ದು ಬೆಂಗಳೂರಿನ ಜೈಲಿನಿಂದ ಹೋದ ಒಂದು ಪತ್ರದ ಕಾರಣಕ್ಕೆ. ಇಲ್ಲಿನ ಸೆಂಟ್ರಲ್ ಜೈಲಿನ ಕೈದಿಯೊಬ್ಬರು ಒಳಗಿನ ಸ್ಥಿತಿಯನ್ನು ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದರು. ನ್ಯಾಯಾಲಯ ಅದನ್ನೇ ರಿಟ್ ಅರ್ಜಿಯಾಗಿ ತೆಗೆದುಕೊಂಡಿತು. 1996ರ ಡಿಸೆಂಬರಿನಲ್ಲಿ ತೀರ್ಮಾನವಾದ ‘ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ’ ಮೊಕದ್ದಮೆ ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಗುರುತಿಸಿತು. ಮಿತಿಮೀರಿದ ಸಂಖ್ಯೆ, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯ, ಊಟ ಬಟ್ಟೆ ಹೀಗೆ ಸಾಗುವ ಆ ಪಟ್ಟಿಯ ಒಂಬತ್ತನೆಯದು ಬಯಲು ಬಂದೀಖಾನೆ. ಅದಕ್ಕೂ ಮೊದಲು, 1980ರಿಂದ 1983ರವರೆಗೆ ಕೆಲಸ ಮಾಡಿದ ನ್ಯಾಯಮೂರ್ತಿ ಎ.ಎನ್. ಮುಲ್ಲಾ ಸಮಿತಿ ಇವುಗಳನ್ನು ಬೆಳೆಸಬೇಕೆಂದಿತ್ತು. 2018ರಲ್ಲಿ ನ್ಯಾಯಮೂರ್ತಿ ಮದನ್ ಲೋಕುರ್ ಅವರಿದ್ದ ಪೀಠ ಇರುವ ಸ್ಥಳಗಳನ್ನು ತುಂಬಿ, ಹೊಸದನ್ನು ತೆರೆಯುವ ಸಾಧ್ಯತೆ ನೋಡಿ ಎಂದು ರಾಜ್ಯಗಳಿಗೆ ಹೇಳಿತು. ಬೆಂಗಳೂರಿನಿಂದ ಹೋದ ಪತ್ರ ದೇಶಕ್ಕೆ ದಾರಿ ತೋರಿಸಿತು. ಆ ದಾರಿಯಲ್ಲಿ ಬೆಂಗಳೂರು ಇನ್ನೂ ಎಂಬತ್ತರ ಗಡಿ ದಾಟಿಲ್ಲ.

ಸಂಖ್ಯೆಯಷ್ಟೇ ಮುಖ್ಯವಾದದ್ದು ಜಾಗ. ಕೋರಮಂಗಲದ ಮಾದರಿ ಹುಟ್ಟಿದ ಕಾಲಕ್ಕೆ ಅದು ಸರಿಯಾಗಿತ್ತು. ಕೈದಿಗಳಲ್ಲಿ ಹೆಚ್ಚಿನವರು ರೈತಾಪಿಗಳು, ಬಿಡುಗಡೆಯಾದ ಮೇಲೆ ಹೊಲಕ್ಕೇ ಮರಳುವವರು. ಹೊಲದಲ್ಲಿ ಕೆಲಸ ಕೊಟ್ಟರೆ ಕೈ ಮರೆಯುವುದಿಲ್ಲ. ಇವತ್ತು ಆ ಹಳ್ಳಿಯ ಸುತ್ತಮುತ್ತಲೇ ಬೇಸಾಯ ಹಿಂದೆ ಸರಿದಿದೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಆ ಭಾಗದ ಭೂಮಿಯ ಬೆಲೆ, ಜನರ ಉದ್ಯೋಗ ಎರಡೂ ಬೇರೆಯಾಗಿವೆ. ಜಮೀನು ಇಲ್ಲದ, ಇದ್ದರೂ ಅಣ್ಣತಮ್ಮಂದಿರ ಪಾಲಾಗಿರುವ, ಕೋರ್ಟು ಖರ್ಚಿಗೆ ಮಾರಿಹೋಗಿರುವ ಕೈದಿ ಬಿಡುಗಡೆಯಾಗಿ ಪಟ್ಟಣಕ್ಕೆ ಬರುತ್ತಾನೆ. ಆತನಿಗೆ ಐದು ವರ್ಷ ತರಕಾರಿ ಬೆಳೆಯುವುದನ್ನು ಕಲಿಸಿದ್ದರೆ ಶಿಸ್ತು ಬಂದಿರಬಹುದು, ಕೆಲಸ ಸಿಗುವುದಿಲ್ಲ. ಮುಚ್ಚಿದ ಜೈಲುಗಳಲ್ಲಿ ಕಲಿಸುವ ಕೈಮಗ್ಗ, ಬಡಗಿ ಕೆಲಸ, ಹೊಲಿಗೆಯ ಮಾತೂ ಬಹುಮಟ್ಟಿಗೆ ಇದೇ. ಪೀಣ್ಯದ ಶೆಡ್ಡುಗಳು ಕೇಳುವುದು ಸಿಎನ್‌ಸಿ ಆಪರೇಟರನ್ನು, ವೆಲ್ಡರನ್ನು, ಪೌಡರ್ ಕೋಟಿಂಗ್ ಗೊತ್ತಿರುವವರನ್ನು, ಡ್ರಾಯಿಂಗ್ ಓದಿ ವರ್ನಿಯರ್ ಹಿಡಿಯಬಲ್ಲವರನ್ನು. ಇವನ್ನು ಕಲಿಸುವ ಸಂಸ್ಥೆಗಳು ಇಲ್ಲೇ ಇವೆ: ಪೀಣ್ಯದ ಎನ್‌ಟಿಟಿಎಫ್, ರಾಜಾಜಿನಗರದ ಜಿಟಿಟಿಸಿ, ಸುತ್ತಲಿನ ಐಟಿಐಗಳು. ಕಲಿಯಬೇಕಾದವರು ಮಾತ್ರ ನಗರದ ಇನ್ನೊಂದು ತುದಿಯಲ್ಲಿದ್ದಾರೆ.

ಜೈಲಿನ ಜಾಗದ ಬಗ್ಗೆ ನಾವು ಹಿಂದೆ ತೆಗೆದುಕೊಂಡ ಒಂದು ತೀರ್ಮಾನವನ್ನೂ ಇಲ್ಲಿ ನೆನೆಯಬೇಕು. 1867ರಲ್ಲಿ ಕಟ್ಟಿದ ಹಳೆಯ ಸೆಂಟ್ರಲ್ ಜೈಲು ಶೇಷಾದ್ರಿ ರಸ್ತೆಯಲ್ಲಿ, ಊರ ನಡುವೆ ಇತ್ತು. ಇಂದಿನ ಫ್ರೀಡಂ ಪಾರ್ಕ್ ಅದೇ ಜಾಗ. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದದ್ದರಿಂದ ಜಾಗ ವಿಶಾಲವಾಯಿತು, ನಿಜ. ಆದರೆ ಲಗ್ಗೆರೆಯಲ್ಲಿರುವ ಒಬ್ಬ ಗಾರ್ಮೆಂಟ್ಸ್ ಕೆಲಸದ ಹೆಂಗಸು ಗಂಡನನ್ನೋ ಮಗನನ್ನೋ ಕೆಲವು ನಿಮಿಷ ನೋಡಿಬರಲು ನಗರದ ವಾಯವ್ಯದಿಂದ ಆಗ್ನೇಯಕ್ಕೆ ಹೋಗಬೇಕು, ಒಂದು ದಿನದ ಸಂಬಳ ಬಿಡಬೇಕು. ಭೇಟಿ ತಿಂಗಳಿಗೊಮ್ಮೆಯಾಗಿ, ಹಬ್ಬಕ್ಕೊಮ್ಮೆಯಾಗಿ, ಕೊನೆಗೆ ನಿಂತೇಹೋಗುತ್ತದೆ. ಬಿಡುಗಡೆಯ ದಿನ ಕರೆದುಕೊಂಡು ಹೋಗಲು ಒಬ್ಬರು ಬಂದಿದ್ದಾರೋ ಇಲ್ಲವೋ ಎಂಬುದು ಆ ಮನುಷ್ಯ ಮತ್ತೆ ಜೈಲಿಗೆ ಬರುತ್ತಾನೋ ಇಲ್ಲವೋ ಎಂಬುದನ್ನು ಬಹಳಮಟ್ಟಿಗೆ ತೀರ್ಮಾನಿಸುತ್ತದೆ ಎಂದು ನಾನು ನಂಬುತ್ತೇನೆ.

ನಗರದ ಪಕ್ಕದಲ್ಲೇ ಬಯಲು ಬಂದೀಖಾನೆ ನಡೆಸಲು ಸಾಧ್ಯವೇ ಎನ್ನುವವರಿಗೆ ಜೈಪುರದ ಸಾಂಗಾನೇರ್ ಉತ್ತರವಾಗಿದೆ. ರಾಜಸ್ಥಾನದ ರಾಜ್ಯಪಾಲರಾಗಿ ಹೋದ ಅದೇ ಸಂಪೂರ್ಣಾನಂದರ ಹೆಸರಿನಲ್ಲಿ 1963ರಿಂದ ಅದು ನಡೆಯುತ್ತಿದೆ. ಅಲ್ಲಿ ಕೆಲವು ನೂರು ಕೈದಿಗಳು, ಹೆಚ್ಚಿನವರು ಕೊಲೆಯ ಅಪರಾಧಕ್ಕೆ ಜೀವಾವಧಿಯಾದವರು, ಹೆಂಡತಿ ಮಕ್ಕಳೊಂದಿಗೆ ಸಣ್ಣ ಮನೆಗಳಲ್ಲಿ ಇದ್ದಾರೆ. ಸರ್ಕಾರ ಊಟ ಕೊಡುವುದಿಲ್ಲ. ಬೆಳಗಿನ ಹಾಜರಿ ಮುಗಿಸಿ ಊರೊಳಗೆ ಹೋಗಿ ದುಡಿದು, ಸಂಜೆಯ ಹಾಜರಿಗೆ ವಾಪಸು ಬರುತ್ತಾರೆ. ಫ್ಯಾಕ್ಟರಿ, ಅಂಗಡಿ, ಕಾವಲು, ಗಾರೆ ಕೆಲಸ, ಯಾವುದು ಸಿಕ್ಕರೆ ಅದು; ಹುಡುಕಿಕೊಳ್ಳುವುದು ಅವರ ಪಾಡು. ಒಳಗಿನ ವ್ಯವಹಾರ ನೋಡಿಕೊಳ್ಳಲು ಕೈದಿಗಳದೇ ಪಂಚಾಯಿತಿ ಇದೆ. ಶಿಕ್ಷೆಯ ಮೂರನೇ ಒಂದು ಭಾಗ ಮುಗಿಸಿದವರನ್ನು ಪರಿಗಣಿಸಲು ಅಲ್ಲಿನ 1972ರ ನಿಯಮಗಳು ಅವಕಾಶ ಕೊಟ್ಟಿವೆ. ರಾಜಸ್ಥಾನ ಕಾನೂನು ಸೇವಾ ಪ್ರಾಧಿಕಾರಕ್ಕಾಗಿ ಸ್ಮಿತಾ ಚಕ್ರಬರ್ತಿ ಸಿದ್ಧಪಡಿಸಿದ 2017ರ ವರದಿ, ಒಬ್ಬ ಕೈದಿಯನ್ನು ಜೈಪುರದ ಸೆಂಟ್ರಲ್ ಜೈಲಿನಲ್ಲಿ ಇಡುವ ಖರ್ಚು ಸಾಂಗಾನೇರಿನಲ್ಲಿ ಇಡುವುದಕ್ಕಿಂತ ಹದಿನಾಲ್ಕು ಪಟ್ಟು ಎಂದು ಲೆಕ್ಕ ಹಾಕಿತು. ಅರವತ್ತು ವರ್ಷ ದೊಡ್ಡ ನಗರದ ಮಗ್ಗುಲಲ್ಲಿ ಇದು ನಡೆದಿದೆ. ಅದರ ಮೇಲೆ ಬಂದ ದೊಡ್ಡ ಅಪಾಯ ನೆರೆಯವರ ಭಯದಿಂದ ಬಂದದ್ದಲ್ಲ, ಭೂಮಿಯ ಬೆಲೆಯಿಂದ ಬಂದದ್ದು ಎಂದೇ ನಾನು ತಿಳಿದಿದ್ದೇನೆ: ಆ ಜಾಗದ ಒಂದು ಭಾಗವನ್ನು ಆಸ್ಪತ್ರೆಗೆ ಕೊಡುವ ಪ್ರಸ್ತಾಪ ಬಂದಾಗ, 2024ರಲ್ಲಿ ಸುಪ್ರೀಂ ಕೋರ್ಟು ಬಂದೀಖಾನೆಯ ಜಾಗ ಕಡಿಮೆಯಾಗಕೂಡದೆಂದು ತಡೆಯಬೇಕಾಯಿತು.

ಈಗ ಆಕ್ಷೇಪಣೆಗಳಿಗೆ ಬರುತ್ತೇನೆ. ಮೊದಲನೆಯದು ತಜ್ಞರದು: ಬಯಲು ಬಂದೀಖಾನೆಯಿಂದ ಹೋದವರು ಮತ್ತೆ ತಪ್ಪು ಮಾಡುವುದು ಕಡಿಮೆ ಎಂದರೆ ಅದರಲ್ಲಿ ಆಶ್ಚರ್ಯವೇನು, ಆರಿಸಿ ಕಳಿಸಿದವರೇ ಒಳ್ಳೆಯವರಲ್ಲವೇ? ಇದು ತೂಕದ ಮಾತು. ಯಶಸ್ಸಿನ ಸರಳ ಲೆಕ್ಕಗಳನ್ನು ನಾನು ಈ ಕಾರಣಕ್ಕೇ ಮುಂದಿಡುತ್ತಿಲ್ಲ. ಇಟಲಿಯ ಮಿಲಾನ್ ಹತ್ತಿರದ ಬೊಲ್ಲಾತೆ ಜೈಲಿನ ಮೇಲೆ ಮಾಸ್ತ್ರೊಬುವೊನಿ ಮತ್ತು ತೆರ್ಲಿಜ್ಜೆಸೆ ಎಂಬ ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನ ಈ ತೊಡಕನ್ನು ನೇರವಾಗಿ ಎದುರಿಸಿತು. ಬೇರೆ ಜೈಲುಗಳು ತುಂಬಿತುಳುಕಿದ ಕಾರಣಕ್ಕೆ ಅಲ್ಲಿಗೆ ಬಂದವರನ್ನು, ಅಂದರೆ ಅವರ ಗುಣ ನೋಡಿ ಆರಿಸದವರನ್ನು, ಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಂಡಿತು. ಅವರಲ್ಲೂ, ತೆರೆದ ವ್ಯವಸ್ಥೆಯಲ್ಲಿ ಹೆಚ್ಚು ಕಾಲ ಕಳೆದಷ್ಟೂ ಮತ್ತೆ ಜೈಲು ಸೇರುವ ಪ್ರಮಾಣ ಇಳಿದಿತ್ತು. ನಮ್ಮಲ್ಲೂ ಸಣ್ಣ ಪ್ರಮಾಣದ ಸಾಕ್ಷ್ಯವಿದೆ. ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ತೊಂಬತ್ತರ ದಶಕದಿಂದ ಬಳ್ಳಾರಿ, ಮೈಸೂರು ಮೊದಲಾದ ಜೈಲುಗಳಲ್ಲಿ ಕೈದಿಗಳಿಂದ ನಾಟಕ ಮಾಡಿಸಿದರು. ಜೀವಾವಧಿ ಶಿಕ್ಷೆಯವರು ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕ’ದಂಥ ನಾಟಕವನ್ನು ಹೊರಗಿನ ರಂಗಮಂದಿರಗಳಲ್ಲಿ ಆಡಿ, ಮತ್ತೆ ಜೈಲಿಗೆ ಮರಳಿದರು. ವಿಶ್ವಾಸಕ್ಕೆ ಅರ್ಹನೋ ಅಲ್ಲವೋ ಎಂಬುದು ವಿಶ್ವಾಸವಿಟ್ಟ ಮೇಲೆಯೇ ತಿಳಿಯುವ ಸಂಗತಿ. ಗೋಡೆಯೊಳಗೆ ಕೂಡಿಹಾಕಿದ ಮನುಷ್ಯನ ನಡತೆ ಗೋಡೆ ಎಷ್ಟು ಗಟ್ಟಿ ಎಂಬುದನ್ನಷ್ಟೇ ಹೇಳುತ್ತದೆ.

ಎರಡನೆಯದು ನೆರೆಹೊರೆಯವರ ಭಯ. ಹೆಣ್ಣುಮಕ್ಕಳು ರಾತ್ರಿ ಪಾಳಿ ಮುಗಿಸಿ ನಡೆದುಬರುವ ರಸ್ತೆಗಳಿವು, ಇಲ್ಲಿ ಕೈದಿಗಳನ್ನು ಬಿಡುತ್ತೀರಾ ಎಂದು ಕೇಳುವವರ ಭಯವನ್ನು ಹಗುರವಾಗಿ ನೋಡುವ ಹಕ್ಕು ಯಾರಿಗೂ ಇಲ್ಲ. ಆದರೆ ಪೂರ್ತಿ ಚಿತ್ರವನ್ನು ಎದುರಿಗಿಟ್ಟುಕೊಳ್ಳೋಣ. ಶಿಕ್ಷೆ ಮುಗಿಸಿದವರು ಈಗಲೂ ಇಲ್ಲಿ ಇದ್ದಾರೆ. ಯಾರು, ಎಲ್ಲಿ, ಏನು ಮಾಡಿಕೊಂಡಿದ್ದಾರೆ ಎಂದು ಹೆಚ್ಚಿನಂಶ ಯಾರಿಗೂ ಗೊತ್ತಿಲ್ಲ. ಪೊಲೀಸ್ ವೆರಿಫಿಕೇಷನ್ ಕೇಳುವ ಕಾರ್ಖಾನೆ ಅವರನ್ನು ತೆಗೆದುಕೊಳ್ಳುವುದಿಲ್ಲ. ಹತ್ತು ತಿಂಗಳ ಅಡ್ವಾನ್ಸು ಕೇಳುವ ಮನೆ ಅವರಿಗೆ ಸಿಗುವುದಿಲ್ಲ. ಇಎಸ್‌ಐ, ಪಿಎಫ್ ನಂಬರುಗಳಿಲ್ಲ, ಹದಿನಾಲ್ಕು ವರ್ಷಕ್ಕೆ ಕೆಲಸದ ದಾಖಲೆಯಿಲ್ಲ. ಅವರನ್ನು ಕೇಳದೆ ಕೂಡಿಸಿಕೊಳ್ಳುವುದು ಹಳೆಯ ಸಹವಾಸ ಮಾತ್ರ. ಬಯಲು ಬಂದೀಖಾನೆಯ ಕೈದಿಯ ವಿಷಯ ಹಾಗಲ್ಲ: ಎರಡು ಹೊತ್ತು ಹಾಜರಿ, ಗೊತ್ತಿರುವ ಕೆಲಸದ ಜಾಗ, ಗೊತ್ತಿರುವ ಯಜಮಾನ, ತಪ್ಪಿದರೆ ಮುಚ್ಚಿದ ಜೈಲಿಗೆ ವಾಪಸು ಮತ್ತು ಗಳಿಸಿದ ಶಿಕ್ಷಾ ಮಾಫಿಯ ನಷ್ಟ. ತಪ್ಪಿಸಿಕೊಂಡವರು ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ, ಅಲ್ಲೊಬ್ಬರು ಇಲ್ಲೊಬ್ಬರು ಹೋಗಿದ್ದಾರೆ. ಆದರೆ ಒಂದೇ ಮನುಷ್ಯ, ಒಂದು ವ್ಯವಸ್ಥೆಯಲ್ಲಿ ಐದು ವರ್ಷ ನಿಗಾದಲ್ಲಿ ಬದುಕಿ ತೋರಿಸಿ ಬರುತ್ತಾನೆ, ಇನ್ನೊಂದರಲ್ಲಿ ಏನೂ ತೋರಿಸದೆ ನೇರ ಬರುತ್ತಾನೆ. ಇವರಲ್ಲಿ ಯಾರು ಪಕ್ಕದ ಮನೆಗೆ ಬಂದರೆ ನಾವು ನಿಶ್ಚಿಂತೆಯಿಂದ ಮಲಗಬಹುದು?

ಮೂರನೆಯ ಆಕ್ಷೇಪಣೆ ಎಲ್ಲಕ್ಕಿಂತ ಕಠಿಣ. ಕೊಲೆಯಾದವನ ತಾಯಿ ಕೇಳಬಹುದು: ನನ್ನ ಮಗ ಮರಳಿ ಬರುವುದಿಲ್ಲ, ಅವನನ್ನು ಕೊಂದವನು ಸಂಬಳ ತೆಗೆದುಕೊಂಡು ಹೆಂಡತಿ ಮಕ್ಕಳೊಂದಿಗೆ ಇರುವುದು ನ್ಯಾಯವೇ? ಈ ಪ್ರಶ್ನೆಗೆ ಸಂಖ್ಯೆಗಳಿಂದ ಉತ್ತರ ಕೊಡುವುದು ಕ್ರೌರ್ಯ. ಶಿಕ್ಷೆಯಲ್ಲಿ ಸಮಾಜದ ಖಂಡನೆ ಇರಲೇಬೇಕು, ಅದಕ್ಕೆ ಕಾಲ ಬೇಕು, ಮತ್ತು ಆ ಕಾಲ ಮುಚ್ಚಿದ ಜೈಲಿನಲ್ಲೇ ಕಳೆಯಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಈಗಿನ ವ್ಯವಸ್ಥೆ ಆ ತಾಯಿಗೆ ಏನು ಕೊಟ್ಟಿದೆ? ಬಿಡುಗಡೆಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದುವ ಅವಕಾಶವನ್ನು. ಕರ್ನಾಟಕದಲ್ಲಿ ಕೈದಿಗಳ ಕೂಲಿ ಕೆಲವು ವರ್ಷಗಳ ಹಿಂದೆ ಬಹಳ ಏರಿತು: ದಿನಕ್ಕೆ ಕೌಶಲವಿಲ್ಲದವರಿಗೆ 524 ರೂಪಾಯಿ, ಅತಿ ಹೆಚ್ಚು ಕೌಶಲದವರಿಗೆ 663. ಇದು ಸರಿಯಾದ ಹೆಜ್ಜೆ. ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ 1998ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕೈದಿಗೆ ನ್ಯಾಯವಾದ ಕೂಲಿ ಕೊಡಬೇಕೆಂದಿತು. ಅದೇ ತೀರ್ಪಿನಲ್ಲಿ, ಆ ಕೂಲಿಯ ಒಂದು ಪಾಲನ್ನು ನೊಂದವರಿಗೆ ಪರಿಹಾರವಾಗಿ ತೆಗೆದಿಡಲು ರಾಜ್ಯಗಳು ಕಾನೂನು ಮಾಡುವುದನ್ನು ಯೋಚಿಸಬೇಕೆಂದೂ ಹೇಳಿತು. ಮೊದಲನೆಯ ಅರ್ಧದಷ್ಟೇ ಗಂಭೀರವಾಗಿ ಎರಡನೆಯ ಅರ್ಧವನ್ನೂ ನಾವು ತೆಗೆದುಕೊಳ್ಳಬೇಕು. ಹೊರಗೆ ದುಡಿಯುವ ಕೈದಿಯ ಸಂಬಳದ ನಿಗದಿತ ಪಾಲು ನೊಂದ ಮನೆಗೆ ಪ್ರತಿ ತಿಂಗಳೂ ಹೋಗಬೇಕು, ಅವರು ಬೇಡವೆಂದರೆ ಪರಿಹಾರ ನಿಧಿಗೆ ಸೇರಬೇಕು. ಬಯಲು ಬಂದೀಖಾನೆಗೆ ಕಳಿಸುವ ಮೊದಲು ಅವರಿಗೆ ತಿಳಿಸಬೇಕು, ಅವರ ಊರಿನ ಹತ್ತಿರ ಇಡಬಾರದು. ಸಾಲ ತೀರಿಸಲು ದುಡಿಮೆ ಬೇಕು. ಜೀವದ ಸಾಲ ತೀರುವುದಿಲ್ಲ ಎಂಬುದು ನಿಜ, ಆದರೆ ಬೀಗ ಹಾಕಿ ಕೂರಿಸಿದವರಿಂದ ಅದರ ಬಡ್ಡಿಯೂ ಬರುವುದಿಲ್ಲ.

ಇನ್ನೊಂದು ಮಾತು ಲಗ್ಗೆರೆಯಲ್ಲೇ ಕೇಳಿಬರಬೇಕಾದದ್ದು: ತಪ್ಪು ಮಾಡದ ನಮ್ಮ ಹುಡುಗರಿಗೇ ಕಂಟ್ರಾಕ್ಟಿನಲ್ಲಿ ಕೆಲಸ, ಇನ್ನು ಕೈದಿಗಳಿಗೇಕೆ ಮೊದಲ ಮಣೆ? ಮೊದಲ ಮಣೆ ಬೇಡ. ಮೀಸಲಾತಿಯನ್ನೂ ನಾನು ಕೇಳುತ್ತಿಲ್ಲ. ಕೇಳುತ್ತಿರುವುದು ಒಂದೇ, ಕೈದಿಯ ಕೂಲಿ ಹೊರಗಿನವರ ಕೂಲಿಗಿಂತ ಒಂದು ರೂಪಾಯಿಯೂ ಕಡಿಮೆಯಾಗಬಾರದು. ಕಡಿಮೆಯಾದರೆ ಕಾರ್ಖಾನೆಯ ಯಜಮಾನ ಅಗ್ಗದ ಕೈಗಳಿಗೆ ಆಸೆಪಡುತ್ತಾನೆ, ಆಗ ನಿಮ್ಮ ಹುಡುಗರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ. ಕೈದಿಗಳನ್ನು ಲೇಬರ್ ಕಂಟ್ರಾಕ್ಟರ್ ಮೂಲಕ ಕಳಿಸುವ ಯಾವ ಏರ್ಪಾಡನ್ನೂ ನಾನು ವಿರೋಧಿಸುತ್ತೇನೆ. ಕಾರ್ಮಿಕ ಸಂಘಗಳು ಇದನ್ನು ಕಾಯಬೇಕು. ಅವರ ಒಪ್ಪಿಗೆಯಿಲ್ಲದೆ ಇದು ನಡೆಯಲೂ ಬಾರದು.

ಬಯಲು ಬಂದೀಖಾನೆ ಜೈಲುಗಳ ಎಲ್ಲ ರೋಗಕ್ಕೂ ಮದ್ದಲ್ಲ. 2022ರಲ್ಲಿ ದೇಶದ 5,73,220 ಬಂದಿಗಳಲ್ಲಿ 4,34,302 ಮಂದಿ ವಿಚಾರಣಾಧೀನರು. ಶಿಕ್ಷೆಯೇ ಆಗದ ಆ ಮುಕ್ಕಾಲು ಪಾಲಿಗೆ ಬೇಕಾದದ್ದು ಜಾಮೀನು ಮತ್ತು ಬೇಗ ಮುಗಿಯುವ ವಿಚಾರಣೆ. ಬಯಲು ಬಂದೀಖಾನೆಯ ಮಾತಿನಲ್ಲಿ ಅದು ಮರೆಯಾಗಬಾರದು. ಹೆಂಗಸರ ಸ್ಥಿತಿ ಇನ್ನೂ ಕಷ್ಟ. ತುಮಕೂರಿನಲ್ಲಿ ಮಹಿಳೆಯರ ಜೈಲಿದೆ, ಅವರಿಗಾಗಿ ಬಯಲು ಬಂದೀಖಾನೆ ಕರ್ನಾಟಕದಲ್ಲಿ ಇಲ್ಲ. ಪುಣೆಯ ಯರವಡಾದಲ್ಲಿ 2010ರಲ್ಲೇ ಅದು ತೆರೆಯಿತು. ಕೇರಳದಲ್ಲೂ ಇದೆ. ಜೈಲಿಗೆ ಹೋದ ಗಂಡಸಿಗೆ ಮನೆಯಲ್ಲಿ ಕಾಯುವ ತಾಯಿಯೋ ಹೆಂಡತಿಯೋ ಇರುವುದುಂಟು. ಜೈಲಿಗೆ ಹೋದ ಹೆಂಗಸಿಗೆ ಅದೂ ಅಪರೂಪ, ಆಕೆಯ ಮಕ್ಕಳು ಬೇರೆಯವರ ಮನೆಯಲ್ಲಿ ಬೆಳೆಯುತ್ತವೆ. ಮೊದಲು ತೆರೆಯಬೇಕಾದದ್ದು ಅವರಿಗೆ. ಪೀಣ್ಯ, ಲಗ್ಗೆರೆ, ಹೆಗ್ಗನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಅವರು ಮಾಡಬಲ್ಲ ಕೆಲಸವೂ ಇದೆ.

ಕಾನೂನಿನ ಅಡ್ಡಿಯೂ ಈಗ ಉಳಿದಿಲ್ಲ. 2016ರ ಮಾದರಿ ಜೈಲು ಕೈಪಿಡಿ ಅರೆ ತೆರೆದ ಸಂಸ್ಥೆ, ತೆರೆದ ಸಂಸ್ಥೆ, ಕುಟುಂಬದೊಂದಿಗೆ ಇರುವ ಕಾಲೊನಿ ಎಂಬ ಮೂರು ಮೆಟ್ಟಿಲುಗಳನ್ನು ವಿವರಿಸಿದೆ. ಕೇಂದ್ರ ಗೃಹ ಇಲಾಖೆ 2023ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಕಾಯ್ದೆಯಲ್ಲಿ ತೆರೆದ ಮತ್ತು ಅರೆ ತೆರೆದ ಜೈಲುಗಳಿಗೆ ಅವಕಾಶವಿದೆ. ಅದೇ ಕಾಯ್ದೆ ರಜೆಯ ಮೇಲೆ ಹೋಗುವ ಕೈದಿಗಳ ಮೈಮೇಲೆ ಎಲೆಕ್ಟ್ರಾನಿಕ್ ಸಾಧನ ಹಾಕುವ ಮಾತನ್ನೂ ಆಡುತ್ತದೆ. ಬಯಲು ಬಂದೀಖಾನೆಗೆ ಅದನ್ನು ತರಬಾರದೆಂಬುದು ನನ್ನ ಅಭಿಪ್ರಾಯ. ಕಾಲಿಗೆ ಕಟ್ಟಿದ ಪಟ್ಟಿ ಕಂಡ ಕೂಡಲೇ ಪಕ್ಕದ ಯಂತ್ರದಲ್ಲಿ ದುಡಿಯುವವನು ದೂರ ಸರಿಯುತ್ತಾನೆ. ನಾವು ಕಲಿಸಬೇಕೆಂದಿದ್ದ ಸಹವಾಸವೇ ಅಲ್ಲಿಗೆ ಕೆಡುತ್ತದೆ.

ಆದ್ದರಿಂದ ನನ್ನ ಕೋರಿಕೆ ನಿರ್ದಿಷ್ಟವಾದದ್ದು. ಪೀಣ್ಯದ ಆಸುಪಾಸಿನಲ್ಲಿ ಸರ್ಕಾರದ ಕೈಯಲ್ಲಿರುವ ಸ್ವಲ್ಪ ಜಾಗದಲ್ಲಿ ಸಣ್ಣದೊಂದು ಬಯಲು ಬಂದೀಖಾನೆ, ಮೊದಲಿಗೆ ಐವತ್ತು ಜನಕ್ಕೆ, ಅದರಲ್ಲಿ ಅರ್ಧ ಹೆಂಗಸರಿಗೆ. ಒಂದು ವರ್ಷ ಕಸುಬಿನ ತರಬೇತಿ, ಮುಂದಿನ ವರ್ಷಗಳಲ್ಲಿ ಕಾರ್ಖಾನೆಯ ಕೆಲಸ, ಅವರ ಹೆಸರಿನಲ್ಲೇ ಬ್ಯಾಂಕ್ ಖಾತೆ, ಇಎಸ್‌ಐ, ಪಿಎಫ್. ಮನೆಯವರು ಬಂದು ಇರಬಹುದಾದ ಕೋಣೆಗಳು. ಬಿಡುಗಡೆಯಾದ ದಿನ ಕೆಲಸ ಬದಲಾಗಬಾರದು, ಮಲಗುವ ಜಾಗ ಮಾತ್ರ ಬದಲಾಗಬೇಕು. ಇದನ್ನು ಜೈಲು ಇಲಾಖೆಯೊಂದೇ ಮಾಡಲಾರದು. ಈ ಸಭೆಯಲ್ಲಿ ಸಣ್ಣ ಕೈಗಾರಿಕೆ ನಡೆಸುವವರಿದ್ದೀರಿ, ಮನೆ ಬಾಡಿಗೆಗೆ ಕೊಡುವವರಿದ್ದೀರಿ, ಸಂಘದ ಮುಖಂಡರಿದ್ದೀರಿ. ಇಂಥದೊಂದು ಬಂದೀಖಾನೆ ನಮ್ಮ ಭಾಗಕ್ಕೆ ಬರಲಿ ಎಂದು ಸರ್ಕಾರಕ್ಕೆ ಬರೆಯಿರಿ. ಬೇರೆ ಊರಿನವರು ಬೇಡವೆನ್ನುವುದನ್ನು ನೀವು ಬೇಕೆಂದು ಕೇಳಿದರೆ ಅದಕ್ಕೆ ತೂಕ ಬರುತ್ತದೆ. ಮತ್ತು ಶಿಕ್ಷೆ ಮುಗಿಸಿದ ಒಬ್ಬರು ನಿಮ್ಮ ಶೆಡ್ಡಿನ ಮುಂದೆ ಬಂದು ಕೆಲಸ ಕೇಳಿದ ದಿನ, ಹಳೆಯ ಕಾಗದ ನೋಡುವ ಮೊದಲು ಆ ಕೆಲಸ ಬರುತ್ತದೆಯೇ ಎಂದು ಕೇಳಿ.